ಆಟ ಬದಲಿಸಿದರೆ ಸೋತ ಹಾಗೆಯೇ?



ಎರಡು ದೋಣಿಯಲ್ಲಿ ಕಾಲಿಡಬಾರದು ಅಂತ ದೊಡ್ಡವರು ಹೇಳ್ತಾರೆ. ಯಾರಾದರೂ ಒಂದು ಆಟ ಬಿಟ್ಟು ಇನ್ನೊಂದಕ್ಕೆ ಹೋದರೆ ಇದೇ ಮಾತು ಬರುತ್ತೆ. ನನ್ನ ಅಭಿಪ್ರಾಯ ಬೇರೆ. ಒಂದು ದೋಣಿಯಿಂದ ಪೂರ್ತಿ ಇಳಿದು ಇನ್ನೊಂದನ್ನು ಹತ್ತಿದವರು ಹೊಳೆಗೆ ಬೀಳುವುದಿಲ್ಲ.

ರಷ್ಯಾದ ಯೆಲೆನಾ ಇಸಿನ್‌ಬಾಯೆವಾ ಅವರನ್ನು ನೋಡಿ. 5ನೇ ವಯಸ್ಸಿಗೆ ಜಿಮ್ನಾಸ್ಟಿಕ್ಸ್ ಶುರು ಮಾಡಿದರು. ಹತ್ತು ವರ್ಷ ಅದೇ ಅಭ್ಯಾಸ. 15 ವರ್ಷ ಆಗುವಷ್ಟರಲ್ಲಿ ಆ ಆಟಕ್ಕೆ ತೀರಾ ಎತ್ತರವಾಗಿಬಿಟ್ಟರು. ಲಾಗ ಹಾಕುವಾಗ ಗಿಡ್ಡ ಮೈ ಬೇಗ ತಿರುಗುತ್ತೆ, ಉದ್ದ ಮೈ ತಿರುಗಿಸಲು ಹೆಚ್ಚು ಬಲ ಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ. 1997ರಲ್ಲಿ ಅವರು ಪೋಲ್‌ವಾಲ್ಟ್‌ಗೆ, ಅಂದರೆ ಉದ್ದ ಕೋಲು ಊರಿ ಹಾರುವ ಆಟಕ್ಕೆ ಹೋದರು. ಮರುವರ್ಷವೇ ಮಾಸ್ಕೋದ ವಿಶ್ವ ಯುವ ಕ್ರೀಡಾಕೂಟದಲ್ಲಿ 4 ಮೀಟರ್ ಹಾರಿ ಗೆದ್ದರು. 2004 ಮತ್ತು 2008ರ ಒಲಿಂಪಿಕ್ಸ್‌ನಲ್ಲಿ ಚಿನ್ನ. 2005ರಲ್ಲಿ 5 ಮೀಟರ್ ದಾಟಿದ ಮೊದಲ ಮಹಿಳೆಯಾದರು. 2009ರಲ್ಲಿ 5.06 ಮೀಟರ್ ಹಾರಿ ವಿಶ್ವದಾಖಲೆ ಮಾಡಿದರು. ತಲೆಕೆಳಗಾದರೂ ಹೆದರದ ಧೈರ್ಯ, ತೋಳಿನ ಬಲ ಎಲ್ಲಾ ಜಿಮ್ನಾಸ್ಟಿಕ್ಸ್ ಕೊಟ್ಟಿದ್ದೇ. ಕಲಿತದ್ದು ಯಾವುದೂ ದಂಡವಾಗಲಿಲ್ಲ.

ಅವರ ಎತ್ತರ 1.74 ಮೀಟರ್. ನಮ್ಮ ಅರಕಲಗೂಡು ತಾಲೂಕಿನ ಎಚ್.ಎನ್. ಗಿರೀಶ್ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹೈಜಂಪ್ ಹಾರಿ ಬೆಳ್ಳಿ ಗೆದ್ದದ್ದೂ 1.74 ಮೀಟರ್! ಕಾಲಿನ ನ್ಯೂನತೆ ಅವರನ್ನು ತಡೆಯಲಿಲ್ಲ. ಒಂದು ಆಟಕ್ಕೆ ಒಗ್ಗದ ಮೈ ಯಾವ ಆಟಕ್ಕೂ ಬೇಡ ಅನ್ನೋದು ಸುಳ್ಳು.

ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ ಮೊದಲು ಕಲಿತದ್ದು ಕರಾಟೆ. 12ನೇ ವಯಸ್ಸಿಗೇ ಬ್ಲ್ಯಾಕ್ ಬೆಲ್ಟ್. ಆಮೇಲೆ ಕ್ರಿಕೆಟ್ ಹಿಡಿದರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70 ರನ್ ಹೊಡೆದರು.

ಹಾಗಂತ ಒಂದು ಸಲ ಸೋತ ಕೂಡಲೇ ಆಟ ಬಿಡಿ ಅಂತ ನಾನು ಹೇಳುತ್ತಿಲ್ಲ. ತ್ರಿಪುರಾದ ದೀಪಾ ಕರ್ಮಾಕರ್ 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ ಕೇವಲ 0.150 ಅಂಕದಿಂದ ಕಂಚು ಕಳೆದುಕೊಂಡರು. ಆದರೂ ಜಿಮ್ನಾಸ್ಟಿಕ್ಸ್ ಬಿಡಲಿಲ್ಲ. 2024ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದರು. ಬೇಜಾರಾಯ್ತು ಅಂತ ಬಿಡೋದು ಬೇರೆ, ತನಗೆ ಯಾವುದು ಹೊಂದುತ್ತೆ ಅಂತ ತಿಳಿದು ಬದಲಿಸೋದು ಬೇರೆ.

ನಮ್ಮಲ್ಲಿ ಆಗುತ್ತಿರುವುದು ಇವೆರಡೂ ಅಲ್ಲ. ನನ್ನ ಗೆಳತಿಯೊಬ್ಬಳು ಆರನೇ ಕ್ಲಾಸಲ್ಲಿ ಲಾಂಗ್‌ಜಂಪ್ ಮರಳಿನ ಗುಂಡಿಯಲ್ಲಿ ಚೆನ್ನಾಗಿ ಲಾಗ ಹಾಕ್ತಿದ್ದಳು. ಎಂಟಕ್ಕೆ ಬಂದಾಗ ಉದ್ದ ಬೆಳೆದಳು. ಲಾಗ ಸರಿಯಾಗಿ ಬರಲಿಲ್ಲ. "ದೊಡ್ಡವಳಾದೆ, ಇನ್ನು ಸಾಕು ಬುಡವ್ವ" ಅಂದ್ರು ಮನೇಲಿ. ಹುಡುಗರು ನಕ್ಕರು. ಅವಳೀಗ ಆಟದ ಪೀರಿಯಡ್‌ನಲ್ಲಿ ಮರದ ಕೆಳಗೆ ಕೂರುತ್ತಾಳೆ. ಅವಳ ಉದ್ದ ಕಾಲಿಗೆ ಹೈಜಂಪ್, ವಾಲಿಬಾಲ್ ಕಾಯ್ತಾ ಇವೆ ಅಂತ ಯಾರೂ ಹೇಳಲೇ ಇಲ್ಲ.

ಆದ್ದರಿಂದ ಗುರುಗಳಲ್ಲಿ ನನ್ನ ಮನವಿ ಇಷ್ಟೇ. ಪ್ರತಿ ಜೂನ್‌ನಲ್ಲಿ ನಮ್ಮ ಎತ್ತರ, ಓಟ, ಜಿಗಿತ ಅಳೆದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹೋಬಳಿ ಕ್ರೀಡಾಕೂಟಕ್ಕೆ ಹೆಸರು ಕೊಡುವ ಮೊದಲು ಪ್ರತಿಯೊಬ್ಬರಿಗೂ ಮೂರು ಆಟ ಆಡಿಸಿ ನೋಡಿ. ಹೆಣ್ಣುಮಕ್ಕಳ ಮನೆಯವರಿಗೆ ನೀವೇ ಒಂದು ಮಾತು ಹೇಳಿ. ನೀವು ಹೇಳಿದರೆ ಕೇಳ್ತಾರೆ. ಹೊಳೆನರಸೀಪುರ, ಚನ್ನರಾಯಪಟ್ಟಣದ ಮಕ್ಕಳ ಜೊತೆ ಹಾಸನದಲ್ಲಿ ಸ್ಪರ್ಧಿಸುವ ಆಸೆ ನಮಗೂ ಇದೆ.

ಗೆಳೆಯರೇ, ಬದಲಿಸಿದವರನ್ನು ನೋಡಿ ನಗಬೇಡಿ. ಆಟ ಬದಲಾಗಲಿ, ಮೈದಾನ ಮಾತ್ರ ಬಿಡೋದು ಬೇಡ. ಏನಂತೀರಿ?

– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ