ತತ್ತ್ವಶಾಸ್ತ್ರದ ಮೊದಲ ಪಾಠ ಕಥೆಯಿಂದ ಶುರುವಾಗಬೇಕೆ?

ಪರ

ಬಿ.ಎ. ಮೊದಲ ವರ್ಷದ ತರಗತಿಯಲ್ಲಿ ಬೋರ್ಡಿನ ಮೇಲೆ ‘ವ್ಯಕ್ತಿಯ ಅನನ್ಯತೆ’ ಎಂದು ಬರೆದು ನೋಡಿ. ಅರ್ಧ ತರಗತಿ ಅದನ್ನು ನೋಟ್ಸಿಗೆ ಇಳಿಸಿಕೊಳ್ಳುತ್ತದೆ, ಉಳಿದರ್ಧ ಕಿಟಕಿಯಾಚೆ ನೋಡುತ್ತದೆ. ಬದಲಿಗೆ ಬೇತಾಳನ ಕಥೆ ಹೇಳಿ. ದೇವಿಯ ಗುಡಿಯಲ್ಲಿ ಒಬ್ಬಳ ಗಂಡನೂ ಒಡಹುಟ್ಟಿದವನೂ ತಲೆ ಕಡಿದುಕೊಂಡು ಬಿದ್ದಿದ್ದಾರೆ. ತಲೆ ಜೋಡಿಸು, ಬದುಕುತ್ತಾರೆ ಎಂದು ದೇವಿಯ ಅಭಯವಾಗುತ್ತದೆ. ಗಡಿಬಿಡಿಯಲ್ಲಿ ಇವಳು ಗಂಡನ ತಲೆಯನ್ನು ಒಡಹುಟ್ಟಿದವನ ಮುಂಡಕ್ಕೆ, ಅವನದನ್ನು ಗಂಡನ ಮುಂಡಕ್ಕೆ ಇಡುತ್ತಾಳೆ. ಎದ್ದು ನಿಂತವರಲ್ಲಿ ಗಂಡ ಯಾರು?

‘ತಲೆ ಇರೋನೇ ಗಂಡ ಸಾರ್’ ಎಂದ ಹುಡುಗನನ್ನು ಏಕೆಂದು ಕೇಳಿ. ‘ನೆನಪೆಲ್ಲ ಅಲ್ಲೇ ಇರೋದು’ ಎನ್ನುತ್ತಾನೆ. ಜಾನ್ ಲಾಕ್ 1694ರಲ್ಲಿ, ತನ್ನ ಗ್ರಂಥದ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ರಾಜಕುಮಾರನ ಪ್ರಜ್ಞೆ ಚಮ್ಮಾರನ ಮೈ ಹೊಕ್ಕರೆ, ವ್ಯಕ್ತಿಯಾಗಿ ಅವನು ರಾಜಕುಮಾರನೇ. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಇನ್ನೊಂದು ಪ್ರಶ್ನೆ ಬರುತ್ತದೆ: ‘ಹಾಗಾದ್ರೆ ಹುಟ್ಟೋ ಮಗುವಿಗೆ ಅಪ್ಪ ಯಾರು?’ ಕಥೆ ಕೇಳದೆ ಈ ಪ್ರಶ್ನೆ ಹುಟ್ಟುತ್ತಿತ್ತೆ?

ಗಿರೀಶ ಕಾರ್ನಾಡರ ‘ಹಯವದನ’ (1971) ಇದನ್ನು ಇನ್ನೂ ಬಿಗಿಮಾಡುತ್ತದೆ. ಥಾಮಸ್ ಮಾನ್ 1940ರಲ್ಲಿ ಬರೆದ ಕಥೆಯಂತೆ ಇಲ್ಲಿಯೂ ಒಡಹುಟ್ಟಿದವನ ಜಾಗದಲ್ಲಿ ಗೆಳೆಯನಿದ್ದಾನೆ. ಗೆಳೆಯ ಕಪಿಲನ ಗಟ್ಟಿ ಮೈ ಗಂಡ ದೇವದತ್ತನ ತಲೆಯ ಕೆಳಗೆ ಬರಬರುತ್ತಾ ಮೆತ್ತಗಾಗುತ್ತದೆ. ಅತ್ತ ಕಪಿಲನ ತಲೆಗೆ ಗೊತ್ತೇ ಇಲ್ಲದ ಸ್ಪರ್ಶಗಳನ್ನು ದೇವದತ್ತನ ಮೈ ಹೊತ್ತುಕೊಂಡಿದೆ. ನೆನಪು ಮೈಯಲ್ಲೂ ಇರುವುದಾದರೆ ಲಾಕನ ಗತಿಯೇನು? ಈ ಆಕ್ಷೇಪವನ್ನು ಉಕ್ತಲೇಖನದಂತೆ ಬರೆಸಿದರೆ ಪರೀಕ್ಷೆಯ ಮಾರನೆಯ ದಿನ ಮರೆತುಹೋಗುತ್ತದೆ. ರಂಗದ ಮೇಲೆ ಕಂಡದ್ದು ಉಳಿಯುತ್ತದೆ.

ವಿರೋಧ

ಉಳಿಯುವುದೇನೋ ನಿಜ. ಉಳಿದದ್ದು ತತ್ತ್ವಶಾಸ್ತ್ರವೇ?

ಬೇತಾಳನಿಗೆ ರಾಜ ಕೊಟ್ಟ ಉತ್ತರ ನೋಡಿ: ಅಂಗಗಳಲ್ಲಿ ತಲೆಯೇ ಶ್ರೇಷ್ಠ, ಆದ್ದರಿಂದ ತಲೆಯಿದ್ದವನೇ ಗಂಡ. ಬೇತಾಳ ಒಪ್ಪಿ ಮರಕ್ಕೆ ಹಾರಿತು, ಕಥೆ ಮುಗಿಯಿತು. ಶ್ರೇಷ್ಠ ಏಕೆ ಎಂದು ಯಾರೂ ಕೇಳಲಿಲ್ಲ. ತಲೆ ಮೇಲು, ಕಾಲು ಕೀಳು ಎಂಬ ಎಣಿಕೆ ಈ ನಾಡಿನಲ್ಲಿ ಯಾರನ್ನು ಎಲ್ಲಿ ನಿಲ್ಲಿಸಿತೆಂದು ಬಲ್ಲವರಿಗೆ ಆ ಉತ್ತರ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯಬಾರದು. (ರಾಜನಿಗಾದರೋ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುವ ಭಯವಿತ್ತು. ನಮ್ಮ ಹುಡುಗರಿಗೆ ಇಂಟರ್ನಲ್ಸ್ ಭಯ.)

ಕಾರ್ನಾಡರದು ದೊಡ್ಡ ನಾಟಕ, ತಕರಾರಿಲ್ಲ. ಆದರೆ ಕಪಿಲನ ಮೈ ಮೆತ್ತಗಾಗುವುದು ನಾಟಕಕಾರ ಹಾಗೆ ಬರೆದದ್ದರಿಂದ. ಅದನ್ನು ಲಾಕನ ವಿರುದ್ಧ ಸಾಕ್ಷಿಯಾಗಿ ಹೇಗೆ ನಿಲ್ಲಿಸುತ್ತೀರಿ? ಬೇರೊಬ್ಬರು ಮೈಯೇ ತಲೆಯನ್ನು ಬದಲಿಸಿತೆಂದು ಬರೆಯಬಹುದು. ಆಗ ಸಿದ್ಧಾಂತವೂ ತಿರುಗಿಬಿತ್ತೇ? ಮೇಲಾಗಿ ತರಗತಿ ಬಿಸಿಯೇರುವುದು ಅನನ್ಯತೆಯ ಬಗ್ಗೆ ಅಲ್ಲ, ದೇವದತ್ತನ ಹೆಂಡತಿ ಪದ್ಮಿನಿ ಬೇಕೆಂದೇ ತಲೆ ಬದಲಿಸಿದಳೇ ಎಂಬುದರ ಬಗ್ಗೆ. ಒಳ್ಳೆಯ ಚರ್ಚೆಯೇ, ಕನ್ನಡ ಮೇಷ್ಟರ ತರಗತಿಯಲ್ಲಿ.

ಫಿಲಿಪ್ಪಾ ಫುಟ್ 1967ರಲ್ಲಿ ಕಟ್ಟಿದ ಟ್ರಾಮಿನ ಪ್ರಸಂಗ ಹಾಗಲ್ಲ. ಟ್ರಾಮನ್ನು ಐವರ ಮೇಲೆ ಹರಿಯಬಿಡಬೇಕೇ, ಒಬ್ಬನೇ ಇರುವ ಇನ್ನೊಂದು ಹಳಿಗೆ ತಿರುಗಿಸಬೇಕೇ ಎಂಬುದು ಚಾಲಕನ ಮುಂದಿನ ಪ್ರಶ್ನೆ. ಹಳಿಯ ಮೇಲಿನ ಐವರಿಗೆ ಹೆಸರಿಲ್ಲ, ಮುಖವಿಲ್ಲ. ಐವರನ್ನು ಇಬ್ಬರು ಮಾಡಿ, ಆ ಒಬ್ಬನನ್ನು ಚಾಲಕನ ತಮ್ಮನನ್ನಾಗಿ ಮಾಡಿ, ಉತ್ತರ ಎಲ್ಲಿ ಕದಲುತ್ತದೆಂದು ನೋಡಬಹುದು. ‘ಹಯವದನ’ದಲ್ಲಿ ಒಂದನ್ನು ಬದಲಿಸಿದರೆ ನಾಟಕವೇ ಕುಸಿಯುತ್ತದೆ. ತತ್ತ್ವಶಾಸ್ತ್ರಕ್ಕೆ ಬೇಕಾದದ್ದು ಬಿಚ್ಚಿ ನೋಡಲು ಬರುವಂಥದ್ದು.

ಪ್ಲೇಟೋ ಕಥೆ ಹೇಳಲಿಲ್ಲವೇ ಎನ್ನುತ್ತಾರೆ. ಹೇಳಿದ. ‘ರಿಪಬ್ಲಿಕ್’ನ ಎರಡನೆಯ ಅಧ್ಯಾಯದಲ್ಲಿ, ತೊಟ್ಟವನನ್ನು ಮಾಯಮಾಡುವ ಗೈಜೀಸನ ಉಂಗುರದ ಕಥೆ ಬರುತ್ತದೆ, ಸಿಕ್ಕಿಬೀಳುವ ಭಯವೇ ಇಲ್ಲದಿದ್ದರೆ ನ್ಯಾಯವಾಗಿ ಏಕೆ ಬಾಳಬೇಕು ಎಂಬ ಪ್ರಶ್ನೆಯೆತ್ತಲು. ಕಥೆಗೆ ಹಿಡಿದದ್ದು ಹೆಚ್ಚೆಂದರೆ ಒಂದೆರಡು ಪುಟ. ಉತ್ತರ ಮುಗಿಯುವುದು ಹತ್ತನೆಯ ಅಧ್ಯಾಯದಲ್ಲಿ, ನಡುವೆ ಇರುವುದು ಬಹುಪಾಲು ವಾದ. ಆ ಅನುಪಾತದಲ್ಲಿ ಕಥೆ ಹೇಳುವ ಮೇಷ್ಟರಿದ್ದರೆ ನನ್ನ ವಿರೋಧವಿಲ್ಲ. ಆದರೆ ನಮ್ಮಲ್ಲಿ ಆಗುತ್ತಿರುವುದು ಉಲ್ಟಾ: ಐವತ್ತು ನಿಮಿಷದ ಪೀರಿಯಡ್ಡಿನಲ್ಲಿ ನಲವತ್ತು ಕಥೆಗೆ, ಉಳಿದ ಹತ್ತರಲ್ಲಿ ಹಾಜರಿ.