ಹಾವು ಕಡಿದವರ ಲೆಕ್ಕ ಡಿಸ್ಚಾರ್ಜಿಗೆ ಮುಗಿಯಬಾರದು

ನಮ್ಮ ದೇವಿಕೊಪ್ಪದಲ್ಲಿ ಕಾಡು ಮುಗಿಯುವಲ್ಲಿಯೇ ಹೊಲ ಶುರು. ಮಳೆಗಾಲ ಬಂತೆಂದರೆ ಭತ್ತದ ಬದು, ಗೋವಿನಜೋಳದ ಸಾಲು, ಹಿತ್ತಲಿನ ಕಟ್ಟಿಗೆ ರಾಶಿ, ಎಲ್ಲೆಲ್ಲೂ ಹಾವಿನ ಹೆದರಿಕೆ. ಸರ್ಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಳಾದ ನನ್ನ ಬಾಗಿಲನ್ನು ಜನ ಈಗಲೂ ತಟ್ಟುತ್ತಾರೆ. ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ನಡೆಸಬೇಡಿ, ತಡಮಾಡದೆ ಕಲಘಟಗಿಯ ತಾಲೂಕು ಆಸ್ಪತ್ರೆಗೆ ಗಾಡಿ ಹೊರಡಿಸಿ ಎನ್ನುತ್ತೇನೆ.

ಕೊಳಕುಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಡ. ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಓರೆ ಮಾಡಿದಾಗ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ಸೋಪಿನಲ್ಲಿ ತೊಳೆದ ನಳಿಕೆಯಾದರೆ ಫಲಿತಾಂಶ ತಪ್ಪುತ್ತದೆ. ಎಷ್ಟೋ ರಾತ್ರಿ ಗಡಿಯಾರ ನೋಡುತ್ತ ಆ ನಳಿಕೆಯ ಪಕ್ಕ ನಿಂತಿದ್ದೇನೆ. ಇಷ್ಟು ಅಗ್ಗದ ಪರೀಕ್ಷೆ ಹಳ್ಳಿಯವರೆಗೆ ಬಂದದ್ದು ರೋಗಿಗಳನ್ನು ಗಮನಿಸಿ ಬರೆದಿಟ್ಟವರಿಂದ.

ಸಾವಿನ ಲೆಕ್ಕ ಸಿಕ್ಕಿದ್ದೂ ಹಾಗೆ ಬರೆದಿಟ್ಟವರಿಂದಲೇ. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ವರ್ಷಕ್ಕೆ ಸರಾಸರಿ 58,000. ಈ ಲೆಕ್ಕದ ಬುನಾದಿ ಆಸ್ಪತ್ರೆಯ ದಾಖಲೆಯಲ್ಲ. ಮನೆಮನೆಗೆ ಹೋಗಿ, ನಿಮ್ಮವರು ಹೇಗೆ ತೀರಿಕೊಂಡರೆಂದು ಕೇಳಿ ಬರೆದುಕೊಂಡ ಮಾಹಿತಿ. ಫೆಬ್ರವರಿ 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಬಹಳ ಒಳ್ಳೆಯ ಕೆಲಸ.

ಆದರೆ ಬದುಕಿ ಮನೆಗೆ ಬಂದವರ ಗತಿ? ನಮ್ಮೂರಿನ ಒಬ್ಬ ರೈತನಿಗೆ ಮೂತ್ರ ನಿಂತು, ದೂರದ ದೊಡ್ಡ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಿ ಜೀವ ಉಳಿಯಿತು. ಮುಂದೆ ಕಾಲು ಬಾತಾಗ ರಕ್ತ ಪರೀಕ್ಷೆ ಮಾಡಿಸಪ್ಪಾ ಎಂದೆ. “ಜೀವ ಉಳೀತಲ್ರೀ ಅಕ್ಕಾರ, ಮತ್ಯಾಕ ದವಾಖಾನಿ?” ಎಂದ. ಮತ್ತೆ ತೋರಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊಳಕುಮಂಡಲದ ವಿಷಕ್ಕೆ ಸೊರಗಿದ ಮೂತ್ರಪಿಂಡ ಕೆಲವರಲ್ಲಿ ಪೂರ್ತಿ ಚೇತರಿಸಿಕೊಳ್ಳುವುದೇ ಇಲ್ಲ.

ಇನ್ನೊಂದು ಮಾತು. ನಮ್ಮ ದೇಶದ ವಿಷಹಾರಿ ಮದ್ದಿಗೆ ಬೇಕಾದ ವಿಷ ಬಹುತೇಕ ಬರುವುದು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಾದರೂ ಸೀಮೆ ಬದಲಾದರೆ ವಿಷ ಬದಲಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹಾಗಿದ್ದಮೇಲೆ ಕಲಘಟಗಿ ಸೀಮೆಯ ಕಡಿತಕ್ಕೆ ಎಷ್ಟು ಸೀಸೆ ಮದ್ದು ಬೇಕಾಯಿತು, ಎಷ್ಟು ತಾಸಿಗೆ ರಕ್ತ ಹೆಪ್ಪುಗಟ್ಟಿತು ಎಂಬುದನ್ನು ಇಲ್ಲಿಯೇ ಬರೆದಿಡಬೇಕಲ್ಲವೆ?

ಕಡಿತದ ಚಿಕಿತ್ಸೆಯನ್ನೂ ಬದುಕಿದವರ ಮುಂದಿನ ಆರೋಗ್ಯವನ್ನೂ ದಾಖಲಿಸುವ ಅಧ್ಯಯನವನ್ನು ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ಕಿಮ್ಸ್) ಕೈಗೆತ್ತಿಕೊಳ್ಳಲಿ, ತಾಲೂಕು ಆಸ್ಪತ್ರೆಗಳು ಜೊತೆಗೂಡಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಪರೀಕ್ಷೆಯ ದಿನಾಂಕ ಕನ್ನಡದಲ್ಲಿ ಇರಲಿ. ತಿಂಗಳಿಗೆ, ಮೂರು ತಿಂಗಳಿಗೆ, ವರ್ಷಕ್ಕೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಬಿಪಿ ನೋಡಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗೆ ಕಳಿಸಲಿ. ಆ ಓಡಾಟಕ್ಕೆ ಅವಳಿಗೆ ಪ್ರತ್ಯೇಕ ಭತ್ಯೆ ಕೊಡಿ. ರೋಗಿಯ ಒಪ್ಪಿಗೆ ಕೇಳಿಯೇ ವಿವರ ಬರೆದುಕೊಳ್ಳಿ. ಕಂಡುಕೊಂಡದ್ದನ್ನು ಹೆಸರು ಬಿಟ್ಟು ನಮ್ಮ ಗ್ರಾಮಸಭೆಯಲ್ಲಿ ಬಂದು ಹೇಳಿ.