ಕಿಬ್ಬೊಟ್ಟೆಯ ನೋವು ನಾಚಿಕೆಯ ಮಾತಲ್ಲ

ಕೈ ಸುಟ್ಟುಕೊಂಡ ಅಡಿಗೆಯವನು ನಾಲ್ಕು ಜನಕ್ಕೆ ಕೈ ತೋರಿಸುತ್ತಾನೆ. ಮಗ್ಗಕ್ಕೆ ಬೆರಳು ಕೊಟ್ಟವನನ್ನು ಜೊತೆಯವರೇ ಆಸ್ಪತ್ರೆಗೆ ಒಯ್ಯುತ್ತಾರೆ. ಆದರೆ ಹೊಕ್ಕುಳಿನ ಕೆಳಗೆ ತಿಂಗಳುಗಟ್ಟಲೆ ನೋವು ಉಣ್ಣುವವರು ಮಾತ್ರ ಬಾಯಿ ಬಿಡುವುದಿಲ್ಲ. ಗಂಡಸಿಗೆ ಮರ್ಯಾದೆ ಅಡ್ಡ ಬರುತ್ತದೆ; ಹೆಂಗಸು ಹಣೆಬರಹವೆಂದು ಹಲ್ಲು ಕಚ್ಚುತ್ತಾಳೆ. ಈ ಮೌನದಿಂದ ಶರೀರವೂ ಕೆಡುತ್ತದೆ, ಪಗಾರವೂ ಹೋಗುತ್ತದೆ. ಆದುದರಿಂದ ಈ ವಿಷಯವನ್ನು ಬಿಚ್ಚಿ ಬರೆಯುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಇಂಥ ನೋವು ಆರು ತಿಂಗಳಾದರೂ ಬಿಡದಿದ್ದರೆ ವೈದ್ಯರು ಅದನ್ನು ದೀರ್ಘಕಾಲದ ನೋವೆಂದು ಎಣಿಸುತ್ತಾರೆ. ಇದಕ್ಕೆ ಕಾರಣ ಒಂದೇ ಅಲ್ಲ. ಹೆಂಗಸರಲ್ಲಿ ಗರ್ಭಕೋಶದ ಒಳಪದರದಂಥ ಪದರ ಕೋಶದ ಹೊರಗೆ ಬೆಳೆಯುವುದುಂಟು. ಎಂಡೊಮೆಟ್ರಿಯೋಸಿಸ್ ಎಂದು ಅದರ ಹೆಸರು. ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬಳಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋಂಕು, ಗಡ್ಡೆ, ಗರ್ಭಕೋಶದ ಕ್ಷಯ ಇವೂ ಕಾರಣವಾಗಬಹುದು. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಸುತ್ತ ನೋವು ಬರುತ್ತದೆ. ಅಂಥವರಲ್ಲಿ ಹೆಚ್ಚಿನವರಿಗೆ ರೋಗಾಣುವೇ ಸಿಗುವುದಿಲ್ಲ. ಆದರೂ ಗುಪ್ತರೋಗವೆಂದು ಹೆದರಿ, ಲೋಕಲ್ ರೈಲಿನಲ್ಲಿ ಅಂಟಿಸಿದ ಚೀಟಿ ನೋಡಿ ಹೋಗಿ ದುಡ್ಡು ಸುರಿಯುತ್ತಾರೆ. ಮೂತ್ರಕೋಶ, ಕರುಳು, ಸ್ನಾಯು ಇವುಗಳಿಂದ ಬರುವ ನೋವು ಇಬ್ಬರಿಗೂ ಒಂದೇ.

ನೋವಿನ ಭಯಕ್ಕೆ ಸ್ನಾಯುಗಳು ಬಿಗಿಯುತ್ತವೆ; ಬಿಗಿದಷ್ಟೂ ನೋವು ಹೆಚ್ಚುತ್ತದೆ. ವರ್ಷಗಟ್ಟಲೆ ಹೀಗಾದರೆ ನರಗಳಿಗೇ ನೋವಿನ ಅಭ್ಯಾಸವಾಗುತ್ತದೆ. ಮೂಲ ಕಾರಣ ವಾಸಿಯಾದ ಮೇಲೂ ನೋವು ನಿಲ್ಲುವುದಿಲ್ಲ. ಆದುದರಿಂದ ರಿಪೋರ್ಟಿನಲ್ಲಿ ಏನೂ ಇಲ್ಲವೆಂದ ಮಾತ್ರಕ್ಕೆ ನೋವು ಸುಳ್ಳಲ್ಲ. ಅಂಥವರನ್ನು ಕಳ್ಳಾಟದವರೆಂದು ಹಂಗಿಸುವುದು ಅನ್ಯಾಯ.

ಇನ್ನು ನಮ್ಮ ಕೆಲಸದ ಸ್ಥಿತಿ ನೋಡೋಣ. ಗಿರಾಕಿ ತುಂಬಿದ ಹೊತ್ತಿನಲ್ಲಿ ಸಪ್ಲಾಯರನಿಗೆ ಮೂತ್ರಕ್ಕೆ ಹೋಗಲು ಬಿಡುವಿಲ್ಲ. ಹೋಗಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಪಾತ್ರೆ ತೊಳೆಯುವ ಅಕ್ಕನಿಗೆ ಅಗುಳಿ ಇರುವ ಕಕ್ಕಸು ಇಲ್ಲ. ಇದರಿಂದ ಮೂತ್ರದ ಸೋಂಕು, ಮಲಬದ್ಧತೆ ಬಂದು ಇದ್ದ ನೋವು ಇಮ್ಮಡಿಯಾಗುತ್ತದೆ. ತನ್ನ ವ್ಯಾಪ್ತಿಗೆ ಬರುವ ಕಡೆ ಕುಡಿಯುವ ನೀರು, ಕಕ್ಕಸು ಒದಗಿಸುವುದು ಮಾಲಕರ ಹೊಣೆಯೆಂದು ಮಹಾರಾಷ್ಟ್ರದ 2017ರ ಅಂಗಡಿ ಕಾಯ್ದೆ ಹೇಳುತ್ತದೆ. ನಿಂತು ದುಡಿಯುವವರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕೊಟ್ಟವು. ನಮಗೇಕೆ ಬೇಡ?

ಹಕ್ಕಿಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಬೀಡ್ ಜಿಲ್ಲೆಯೇ ಸಾಕ್ಷಿ. ಅಲ್ಲಿ ಕಬ್ಬು ಕಡಿಯುವ ಸಾವಿರಾರು ಹೆಂಗಸರ ಗರ್ಭಕೋಶ ತೆಗೆಸಿದ್ದು ಬಯಲಾಗಿ 2019ರಲ್ಲಿ ಸರಕಾರ ಸಮಿತಿ ನೇಮಿಸಬೇಕಾಯಿತು. ಒಂದು ದಿನದ ಖಾಡಾಕ್ಕೆ ಮುಕ್ಕದ್ದಮನಿಗೆ ದಂಡ ತೆರಬೇಕು. ಆ ದಂಡದ ಹೆದರಿಕೆಯೂ ಅದಕ್ಕೊಂದು ಕಾರಣ. ಗರ್ಭಕೋಶ ತೆಗೆದರೂ ನೋವು ಹೋಗಿಯೇ ಹೋಗುತ್ತದೆಂಬ ಭರವಸೆ ಇಲ್ಲ. ಎರಡನೆಯ ಡಾಕ್ಟರನ್ನು ಕೇಳದೆ, ಅವಸರದಲ್ಲಿ ಸಹಿ ಹಾಕಬೇಡಿ.

ಹಾಗಾದರೆ ಮಾಡಬೇಕಾದದ್ದೇನು? ನೋವು ಯಾವಾಗ ಬರುತ್ತದೆ, ಮುಟ್ಟಿನ ಹೊತ್ತಿಗೋ, ಮೂತ್ರಕ್ಕೆ ಹೋದಾಗಲೋ, ಕೂತಾಗಲೋ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಮೂತ್ರ ಕಟ್ಟಬೇಡಿ, ನೀರು, ಸೊಪ್ಪು, ಕಾಳು ಬಿಡಬೇಡಿ. ಬಿಸಿನೀರಿನ ಶಾಖ ಹಿತ ಕೊಡುತ್ತದೆ. ಬಿಗಿದ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮವನ್ನು ದೊಡ್ಡ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಕೇಳಿ ಕಲಿಯಿರಿ. ನೋವಿನ ಗುಳಿಗೆಗಳನ್ನು ದಿನಾ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡೂ ಕೆಡುತ್ತವೆ. ಜ್ವರ, ಮೂತ್ರದಲ್ಲಿ ರಕ್ತ, ಕಾರಣವಿಲ್ಲದೆ ಮೈ ಇಳಿಯುವುದು, ಮುಟ್ಟು ನಿಂತ ಮೇಲೆ ರಕ್ತ ಕಾಣುವುದು ಇವಿದ್ದರೆ ತಡಮಾಡಬೇಡಿ. ಮುಟ್ಟು ತಪ್ಪಿದವಳಿಗೆ ಹಠಾತ್ತನೆ ತೀವ್ರ ನೋವು ಬಂದರೆ, ಅಥವಾ ಗಂಡಸಿಗೆ ವೃಷಣದಲ್ಲಿ ಬಂದರೆ, ಅದೇ ಗಳಿಗೆಗೆ ಆಸ್ಪತ್ರೆಗೆ ಓಡಬೇಕು.

ಖರ್ಚಿಗೆ ಹೆದರುವವರು ಇ.ಎಸ್.ಐ. ಮರೆಯಬಾರದು. ವಂತಿಗೆ ಸರಿಯಾಗಿ ಕಟ್ಟಿದ್ದರೆ ಕಾರ್ಮಿಕನಿಗೂ ಅವನ ಹೆಂಡತಿ ಮಕ್ಕಳಿಗೂ ಔಷಧೋಪಚಾರ ಉಂಟು. ಕಾಯಿಲೆಯ ರಜೆಗೆ ವರ್ಷಕ್ಕೆ 91 ದಿನಗಳವರೆಗೆ ಪಗಾರದ ನೂರಕ್ಕೆ 70ರಷ್ಟು ಸಿಗುತ್ತದೆ. ನಿಮ್ಮ ಹೆಸರು ಅದರಲ್ಲಿದೆಯೋ ಇಲ್ಲವೋ ಇಂದೇ ವಿಚಾರಿಸಿ. ಕೆ.ಇ.ಎಂ., ನಾಯರ್, ಸಾಯನ್ ಮುಂತಾದ ನಗರಪಾಲಿಕೆಯ ಆಸ್ಪತ್ರೆಗಳೂ ನಮ್ಮವೇ.

ಮಾಲಕರಲ್ಲಿ ನಾವು ಕೇಳುವುದು ದಾನವಲ್ಲ. ಪಾಳಿಯ ನಡುವೆ ಐದು ನಿಮಿಷದ ಬಿಡುವು, ಹೆಂಗಸರಿಗೆ ಬೇರೆ ಕಕ್ಕಸು, ಕೂರಲು ಒಂದು ಸ್ಟೂಲು, ಇಷ್ಟೇ. ಬಂಧುಗಳೇ, ಅಕ್ಕತಂಗಿಯರೇ, ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು. ನೋವನ್ನು ಮೊದಲು ಮನೆಯಲ್ಲಿ ಹೇಳಿ, ಡಾಕ್ಟರಲ್ಲಿ ಹೇಳಿ, ಆಮೇಲೆ ಸಂಘದಲ್ಲಿ ಹೇಳಿ. ಒಬ್ಬನು ಹೇಳಿದರೆ ಅದು ದೂರು. ಎಲ್ಲರೂ ಹೇಳಿದರೆ ಅದು ಬೇಡಿಕೆ.